ಹಾಡಿದಾಕೆಯ ಹೆಸರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮದುವೆಮನೆಗಳಲ್ಲಿ ಈಗ ಸೋಬಾನೆ ಹೇಳುವವರಿಗಿಂತ ಮೈಕಿನಲ್ಲಿ ಹಾಕುವವರೇ ಹೆಚ್ಚು. ಅಂತರ್ಜಾಲದಿಂದ ಹಾಡು ಇಳಿಸಿಕೊಂಡು ಸೀಡಿ ಮಾಡಿಕೊಳ್ಳುವ ಗೆಳತಿಯರು, "ಜನಪದ ಯಾರಪ್ಪನ ಸೊತ್ತೂ ಅಲ್ಲವಲ್ಲ" ಎನ್ನುತ್ತಾರೆ. ಪದವೇನೋ ಎಲ್ಲರದು, ಧ್ವನಿಮುದ್ರಿಕೆ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಪ್ರಕಟವಾದ ಮೇಲೆ 60 ವರ್ಷ ಅದಕ್ಕೆ ಹಕ್ಕುದಾರರಿರುತ್ತಾರೆ. ಆ ಅವಧಿ ಮುಗಿದದ್ದನ್ನು, ಇಲ್ಲವೇ ಹಕ್ಕುದಾರರೇ ಒಪ್ಪಿ ಕೊಟ್ಟದ್ದನ್ನು ಇಳಿಸಿಕೊಂಡರೆ ತಪ್ಪಿಲ್ಲ.

ನನ್ನ ತಕರಾರು ಅಂಗಡಿಯ ಸಂಕಲನಗಳ ಮೇಲೆ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆ ಅಲ್ಲಿ ಐದು ನಿಮಿಷದ ತುಣುಕಾಗುತ್ತದೆ; ತಂಬೂರಿಯ ದನಿಯನ್ನು ಕೀಬೋರ್ಡು ನುಂಗುತ್ತದೆ. ನಾನು ನೋಡಿದ ಎಷ್ಟೋ ಸೋಬಾನೆ ಸೀಡಿಗಳ ಹೊದಿಕೆಯಲ್ಲಿ ಸಂಗೀತ ಸಂಯೋಜಕರ ಹೆಸರು ದಪ್ಪಕ್ಷರದಲ್ಲಿದೆ. ಪದ ಹೇಳಿಕೊಟ್ಟ ಹೆಂಗಸಿನ ಹೆಸರಿರಲಿ, ಊರೂ ಇಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಸೀಡಿ ಇದನ್ನು ತಿದ್ದಬಹುದು. ಮಾಮೂಲಿ ಆಡಿಯೊ ಸೀಡಿ 80 ನಿಮಿಷ ಹಿಡಿದರೆ, ಅದೇ ತಟ್ಟೆ ಎಂಪಿ3 ರೂಪದಲ್ಲಿ ಹತ್ತು ಗಂಟೆಯ ಹಾಡು ಹಿಡಿಯುತ್ತದೆ, ಕಥೆಯನ್ನು ಕತ್ತರಿಸಬೇಕಿಲ್ಲ. ಹೊದಿಕೆಯ ಮೇಲೆ ಹಾಡಿದಾಕೆಯ ಹೆಸರು, ಊರು, ಪದ ಎಣ್ಣೆಶಾಸ್ತ್ರದ್ದೋ ಧಾರೆಯದ್ದೋ ಎಂಬುದನ್ನು ನಾವೇ ಬರೆಯೋಣ. ವಿವರ ಸಿಕ್ಕಿಯೂ ಬರೆಯದಿದ್ದರೆ, ಅಂಗಡಿಯವರನ್ನು ದೂರುವ ಬಾಯಿ ನಮಗಿರುವುದಿಲ್ಲ.