‘ಆಫ್ ಬ್ಯಾಲೆನ್ಸ್’ ಮತ್ತು ಅದರ ನೆರೆಹೊರೆ

ಇಂಗ್ಲಿಷಿನ ‘ಬ್ಯಾಲೆನ್ಸ್’ ಶಬ್ದವು ಲ್ಯಾಟಿನ್ ಮೂಲದಿಂದ ಫ್ರೆಂಚ್ ಭಾಷೆಯ ಮಾರ್ಗವಾಗಿ ಬಂದದ್ದು. ಎರಡು ತಟ್ಟೆಗಳುಳ್ಳ ತಕ್ಕಡಿಯೆಂದು ಅದರ ಮೂಲಾರ್ಥ. ತಟ್ಟೆಗಳು ಸಮನಾಗಿ ನಿಲ್ಲದ ಸ್ಥಿತಿಯನ್ನು ಹೇಳುವುದಕ್ಕೆ ಆ ಭಾಷೆಯಲ್ಲಿ ಹಲವು ನುಡಿಗಟ್ಟುಗಳಿವೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಯಥೇಚ್ಛವಾಗಿ ಇಡಬಹುದೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಉಂಟು. ಅದು ಸರಿಯಲ್ಲ.

‘ಆಫ್ ಬ್ಯಾಲೆನ್ಸ್’ ಎಂಬುದು ಮುಖ್ಯವಾಗಿ ಕ್ಷಣಮಾತ್ರದ ಸ್ಥಿತಿ. ಮೆಟ್ಟಿಲಿಳಿಯುವವನನ್ನು ಯಾರಾದರೂ ತಳ್ಳಿದರೆ ‘ದಿ ಪುಶ್ ಥ್ರೂ ಹಿಮ್ ಆಫ್ ಬ್ಯಾಲೆನ್ಸ್’. ಸಾಕ್ಷಿಯು ನಿರೀಕ್ಷಿಸದ ಪ್ರಶ್ನೆಯನ್ನು ವಕೀಲನು ಹಾಕಿದರೆ ‘ದಿ ಕ್ವೆಶ್ಚನ್ ಕಾಟ್ ಹಿಮ್ ಆಫ್ ಬ್ಯಾಲೆನ್ಸ್’. ಎಸೆಯುವ, ಹಿಡಿಯುವ ಕ್ರಿಯಾಪದಗಳೇ ಇದಕ್ಕೆ ಸಹಜವಾದ ಜೊತೆ. ‘ಔಟ್ ಆಫ್ ಬ್ಯಾಲೆನ್ಸ್’ ಎಂಬುದಾದರೋ ಸಾಮಾನ್ಯವಾಗಿ ನೆಲೆನಿಂತ ದೋಷ. ತಿರುಗುವಾಗ ಅದುರುವ ಗಾಲಿಗೂ ಜಮಾಖರ್ಚು ಕೂಡದ ಲೆಕ್ಕಕ್ಕೂ ಅದು ಸಲ್ಲುತ್ತದೆ. ಅಂತಹ ಲೆಕ್ಕದ ಪುಸ್ತಕವನ್ನು ‘ಆಫ್ ಬ್ಯಾಲೆನ್ಸ್’ ಎಂದರೆ ಪುಸ್ತಕವು ಮೇಜಿನ ಅಂಚಿನಿಂದ ಉರುಳುತ್ತಿರುವಂತೆ ತೋರೀತು! ಅಢಾವೆ ಪತ್ರಿಕೆಗೆ ಸೇರದ ಬಾಬುಗಳನ್ನು ‘ಆಫ್ ಬ್ಯಾಲೆನ್ಸ್ ಷೀಟ್’ ಎನ್ನುವುದು ಬೇರೆಯೇ ವಿಷಯ. ಅಲ್ಲಿ ಯಾರೂ ಎಡವಿಲ್ಲ.

‘ಅನ್‌ಬ್ಯಾಲೆನ್ಸ್ಡ್’ ಎಂಬ ಮಾತಿನಲ್ಲಿ ಹೆಚ್ಚಿನ ಎಚ್ಚರ ಬೇಕು. ಊಟಕ್ಕೋ ವರದಿಗೋ ಹೇಳಿದರೆ ಅದು ಸಾಧಾರಣವಾದ ಆಕ್ಷೇಪ. ಮನುಷ್ಯನಿಗೆ ಹೇಳಿದರೆ ಅವನ ಬುದ್ಧಿಯ ಮೇಲೆಯೇ ಕೊಟ್ಟ ತೀರ್ಪು. ಇಂಗ್ಲೆಂಡಿನಲ್ಲಿ ಆತ್ಮಹತ್ಯೆಯು 1961ರ ವರೆಗೆ ಅಪರಾಧವಾಗಿತ್ತು. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವನ ಸ್ವತ್ತು ದೊರೆಯ ಪಾಲಾಗುವ ನಿಯಮವು 1870ರಲ್ಲಿ ರದ್ದಾಯಿತು. ಆದುದರಿಂದಲೇ ಮೃತನಿಗೆ ಬುದ್ಧಿಭ್ರಮಣೆಯಾಗಿತ್ತೆಂದು ತೀರ್ಪಿತ್ತು ಅವನ ಹೆಂಡಿರುಮಕ್ಕಳನ್ನು ಉಳಿಸುವ ಪದ್ಧತಿಯು ಅಲ್ಲಿಯ ಪಂಚರಲ್ಲಿ ಬೆಳೆದಿತ್ತು. ಮುಂದೆ ಮರಣವಿಚಾರಣೆಗಳಲ್ಲಿ, ಮನಸ್ಸಿನ ‘ಬ್ಯಾಲೆನ್ಸ್’ ಕದಡಿದ್ದಾಗ ಈ ಕೃತ್ಯ ನಡೆಯಿತೆಂಬ ಒಕ್ಕಣೆ ರೂಢಿಗೆ ಬಂದಿತು. ಕಾನೂನಿನ ಭಾಷೆಯೊಳಗೆ ದಯೆಯು ಹೊಕ್ಕ ಬಾಗಿಲು ಅದು. ‘ಹುಚ್ಚು ಹಿಡಿದು ಸತ್ತನು’ ಎಂದು ಕನ್ನಡಿಸುವವನು ಆ ದಯೆಯನ್ನು ನಿಂದೆಯಾಗಿ ಮಾಡುತ್ತಾನೆ. ‘ಚಿತ್ತಸ್ವಾಸ್ಥ್ಯ ಕೆಟ್ಟಿದ್ದಾಗ’ ಎಂದರೆ ಮೂಲದ ಮರ್ಯಾದೆ ಉಳಿಯುತ್ತದೆ.

ಭಾಷಾಂತರಕಾರರ ಸಾಮಾನ್ಯ ಉಪಾಯವೆಂದರೆ ಎಲ್ಲ ಕಡೆಗೂ ‘ಅಸಮತೋಲನ’ವನ್ನು ಹಚ್ಚುವುದು. ‘ಪ್ರಶ್ನೆಯು ಅವನ ಸಮತೋಲನವನ್ನು ಕೆಡಿಸಿತು’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಜೀವವೂ ಇಲ್ಲ. ಕನ್ನಡಿಗನು ಮೆಟ್ಟಿಲಲ್ಲಿ ಆಯ ತಪ್ಪುತ್ತಾನೆ, ಪ್ರಶ್ನೆಗೆ ತಬ್ಬಿಬ್ಬಾಗುತ್ತಾನೆ. ಅವನ ಲೆಕ್ಕವು ತಾಳೆಯಾಗುವುದಿಲ್ಲ. ಇಂಗ್ಲಿಷು ಉಪಸರ್ಗಗಳಿಂದ ಮಾಡುವ ಭೇದವನ್ನು ಕನ್ನಡವು ಬೇರೆ ಬೇರೆ ಮಾತುಗಳಿಂದಲೇ ಮಾಡುತ್ತದೆ. ಇನ್ನು ಬೀದಿಯ ಕನ್ನಡದಲ್ಲಿ ‘ಬ್ಯಾಲೆನ್ಸ್ ಇಲ್ಲ’ ಎಂದರೆ ಕಾಸು ಮುಗಿಯಿತೆಂದೇ ಅರ್ಥ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ‘ಹಿ ಹ್ಯಾಸ್ ನೋ ಬ್ಯಾಲೆನ್ಸ್’ ಎಂದರೆ, ಬರಿಗೈಯ ಬಡವನಿಗೆ ಸ್ಥಿರಬುದ್ಧಿಯಿಲ್ಲವೆಂಬ ಅಪವಾದವೂ ಅಂಟಿಕೊಂಡೀತು.