ಲಟೂನಿನ ಮುಳ್ಳುಗಿಡ
ಐರ್ಲೆಂಡಿನ ಕ್ಲೇರ್ ಕೌಂಟಿಯ ಲಟೂನ್‌ನಲ್ಲಿ ಹೆದ್ದಾರಿಯ ಪಕ್ಕ ಒಂದು ಹಾಥಾರ್ನ್ ಗಿಡವಿದೆ. ಕುಳ್ಳನೆಯ ಮುಳ್ಳುಗಿಡ, ವಸಂತ ಬಂದರೆ ಮೈತುಂಬ ಬಿಳಿ ಹೂವು. ಕೆರ್ರಿಯ ಕಿನ್ನರರು ಕಾನಾಟಿನ ಕಿನ್ನರರ ಮೇಲೆ ಯುದ್ಧಕ್ಕೆ ಹೊರಡುವಾಗ ಸೇರುವ ಜಾಗ ಇದೇ ಎನ್ನುತ್ತಾರೆ ಕತೆಗಾರ ಎಡ್ಡಿ ಲೆನಿಹಾನ್. 1999ರಲ್ಲಿ ಹೊಸ ರಸ್ತೆಗಾಗಿ ಗಿಡ ಕಡಿಯುವ ಮಾತು ಬಂದಾಗ ಅವರು ಪತ್ರಿಕೆಗೆ ಬರೆದು ಎಚ್ಚರಿಸಿದರು. ಗಿಡ ಉಳಿಯಿತು. 2002ರಲ್ಲಿ ಯಾರೋ ಕೊಂಬೆಗಳನ್ನು ಕತ್ತರಿಸಿಹಾಕಿದರೂ ಮತ್ತೆ ಚಿಗುರಿತು.

ನನಗೆ ಗಿಡಕ್ಕಿಂತ ಲೆನಿಹಾನರ ಕಸುಬೇ ದೊಡ್ಡದು. ಹಳ್ಳಿಯ ಮುದುಕರ ಎದುರು ಕೂತು, ಅವರು ಹೇಳುವ ಕತೆಗಳನ್ನು ಅವರ ದನಿಯಲ್ಲೇ ಟೇಪಿನಲ್ಲಿ ಹಿಡಿದಿಟ್ಟವರು ಅವರು. ಆ ಕತೆಗಳ ಕಿನ್ನರರು ಚಿತ್ರಪುಸ್ತಕದ ರೆಕ್ಕೆಯ ಪುಟಾಣಿಗಳಲ್ಲ. ಅವರಿಗೆ ಸಿಟ್ಟಿದೆ, ಹಟವಿದೆ, ತಮ್ಮದೇ ದಾರಿಗಳಿವೆ. ಆ ದಾರಿಗೆ ಅಡ್ಡ ಮನೆ ಕಟ್ಟಿದವರನ್ನು ಸುಮ್ಮನೆ ಬಿಡುವವರಲ್ಲ.