ಅರಳೆಯ ಧೂಳು ಮತ್ತು ಅದನ್ನಳೆಯುವ ವೃತ್ತಿ

ಹುಬ್ಬಳ್ಳಿ ಬಳಿಯ ಸುಳ್ಳದ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಒಡೆದ ಕಾಯಿಯಿಂದ ಅರಳೆಯನ್ನಷ್ಟೇ ಸೆಳೆದುಕೊಂಡು, ಅದರ ಬುಡದಲ್ಲಿ ಒಣಗಿ ನಿಂತ ಎಲೆಚೂರನ್ನು ಗಿಡದಲ್ಲಿಯೇ ಉಳಿಸಿ ಬರುವ ಜಾಣ್ಮೆಗೆ ನಾವು ಪೇಟೆಯ ದರದಿಂದ ಮಾತ್ರವೇ ಬೆಲೆಗಟ್ಟುತ್ತ ಬಂದಿದ್ದೇವೆ. ಆದರೆ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಆ ಹತ್ತಿಯನ್ನು ಯಂತ್ರಕ್ಕೆ ಉಣಿಸುವ ಕೂಲಿಕಾರನ ಉಸಿರಿಗೂ ಆ ಹೆಣ್ಣುಮಕ್ಕಳ ಬೆರಳುಗಳಿಗೂ ನೇರವಾದ ಸಂಬಂಧವುಂಟು. ಬಿಸಿನೋಸಿಸ್ ಎಂಬ ಶ್ವಾಸರೋಗಕ್ಕೆ ಶುದ್ಧವಾದ ಎಳೆಗಿಂತ ಅದರೊಡನೆ ಪುಡಿಯಾಗುವ ಎಲೆಚೂರೂ ಅದರ ಮೇಲೆ ಬೆಳೆದ ಬ್ಯಾಕ್ಟೀರಿಯಾಗಳ ವಿಷವೂ ಹೆಚ್ಚಿನ ಕಾರಣವೆಂಬುದು ಶಾಸ್ತ್ರದ ನಿರ್ಣಯ.

ಇಂಥ ಕಾರ್ಯಕಾರಣವನ್ನು ರೋಗಿಯ ಎದೆಯಲ್ಲಲ್ಲ, ಅವನು ದುಡಿಯುವ ಕೋಣೆಯ ಗಾಳಿಯಲ್ಲಿ ಹುಡುಕುವವನೇ ಔದ್ಯೋಗಿಕ ನೈರ್ಮಲ್ಯತಜ್ಞ. 1700ರಲ್ಲಿ ಇಟಲಿಯ ವೈದ್ಯ ರಾಮತ್ಸೀನಿ ತನ್ನ ಗ್ರಂಥದಲ್ಲಿ, ರೋಗಿಯ ಕಸುಬೇನೆಂದು ವೈದ್ಯನು ಕೇಳತಕ್ಕದ್ದೆಂದನು. ಈ ವೃತ್ತಿಯವನಾದರೋ ದುಡಿಯುವವನು ರೋಗಿಯಾಗುವ ಮೊದಲೇ ಅವನ ಕಸುಬಿನ ಬಳಿಗೆ ಹೋಗುತ್ತಾನೆ. ಕೂಲಿಕಾರನ ಸೊಂಟಕ್ಕೆ ಸಣ್ಣ ಪಂಪನ್ನೂ ಕೊರಳಪಟ್ಟಿಗೆ ಸೋಸುಕಾಗದವನ್ನೂ ತೊಡಿಸಿ, ಒಂದು ಪಾಳಿಯ ಧೂಳನ್ನು ಹಿಡಿದು ತೂಗುತ್ತಾನೆ. 1978ರಲ್ಲಿ ಅಮೆರಿಕೆಯು ನೂಲುವ ಗಿರಣಿಗಳಿಗೆ ಘನಮೀಟರಿಗೆ 200 ಮೈಕ್ರೋಗ್ರಾಮಿನ ಮಿತಿಯನ್ನು ವಿಧಿಸಿತು. ಮಿತಿ ಮೀರಿದರೆ ಧೂಳು ಹುಟ್ಟುವ ಬಾಯಿಯಲ್ಲೇ ಅದನ್ನು ಹೀರಿಸಬೇಕು. ಮುಖಗವಸು ಕಟ್ಟಕಡೆಯ ಉಪಾಯ. ಅದನ್ನೇ ಮೊದಲು ಹಂಚಿ ಕೈತೊಳೆದುಕೊಳ್ಳುವ ರೂಢಿಯನ್ನು ನಾನು ಕ್ಷಮಿಸಲಾರೆ.

ಈ ವಿದ್ಯೆಯ ಘನತೆಯನ್ನು ಒಪ್ಪುತ್ತಲೇ ನನ್ನ ಆಕ್ಷೇಪವನ್ನು ಹೇಳುವೆನು. ವಾರದ ರಜೆ ಮುಗಿಸಿ ಮರಳಿದ ಮೊದಲ ದಿನ ಎದೆ ಬಿಗಿಯುವುದು ಬಿಸಿನೋಸಿಸಿನ ಪ್ರಸಿದ್ಧವಾದ ಲಕ್ಷಣ. ಇದು ವರ್ಷಪೂರ್ತಿ ನಡೆಯುವ ಗಿರಣಿಗಳನ್ನು ನೋಡಿ ಕಲಿತ ಪಾಠ. ಸುಗ್ಗಿಯಲ್ಲಿ ಜಿನ್ನಿಗೆ ಬಂದು, ಉಳಿದ ತಿಂಗಳು ಹೊಲಕ್ಕೆ ಮರಳುವವನ ಕೆಮ್ಮು ಹೊಲದ ಧೂಳಿನ ಲೆಕ್ಕಕ್ಕೋ ಬೀಡಿಯ ಲೆಕ್ಕಕ್ಕೋ ಜಮೆಯಾಗಿಬಿಡುವುದು ಸುಲಭ. ಅದೂ ಅಲ್ಲದೆ, 1948ರ ಕಾರ್ಖಾನೆ ಕಾಯಿದೆಯು ಬಿಸಿನೋಸಿಸನ್ನು ವರದಿಮಾಡತಕ್ಕ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದರೂ, ಯಂತ್ರಶಕ್ತಿಯಿದ್ದಲ್ಲಿ 10 ಜನ ಕೆಲಸಗಾರರಿದ್ದರೆ ಕಾರ್ಖಾನೆಯೆಂದಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಆ ಸಂಖ್ಯೆಯನ್ನು 20ಕ್ಕೇರಿಸಿತು. ಧೂಳು ತಲೆಯೆಣಿಸಿ ಶ್ವಾಸಕೋಶವನ್ನು ಹೊಗುವುದಿಲ್ಲ. ಬಿಡಿಸುವವಳಂತೂ ಎರಡು ಲೆಕ್ಕಕ್ಕೂ ಹೊರಗೆ. ತನ್ನ ಬೆರಳಿನಿಂದ ಇನ್ನೊಬ್ಬನ ಗಾಳಿಯನ್ನು ತಿಳಿಗೊಳಿಸುವ ಅವಳಿಗೆ ಎಲೆ ಬೆರೆಯದಂತೆ ನಿಧಾನವಾಗಿ ಬಿಡಿಸಿದ್ದಕ್ಕೆ ಹೆಚ್ಚಿನ ಕೂಲಿ ಸಲ್ಲಬೇಕೆಂದು ಯಾವ ನೈರ್ಮಲ್ಯತಜ್ಞನ ವರದಿಯಾದರೂ ಶಿಫಾರಸು ಮಾಡುವುದಾದರೆ, ಅಂದು ಈ ಶಾಸ್ತ್ರವು ಹುಬ್ಬಳ್ಳಿಯ ಜಿನ್ನನ್ನು ದಾಟಿ ಸುಳ್ಳದ ಹೊಲವನ್ನು ಮುಟ್ಟಿತೆನ್ನುವೆನು.